ಎಂ.ಎಸ್ಸಿ ಭೌತಶಾಸ್ತ್ರ ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ: ಖಗೋಳದ ಕೆಲಸ ಜೊತೆಗೇ ನಡೆಸೋದು ಹೇಗೆ?

ಕೃತ್ತಿಕೆ

ಎಂ.ಎಸ್ಸಿ ಈ ಜೂನ್‌ಗೆ ಮುಗಿಯುತ್ತೆ. ಪಿಎಚ್‌ಡಿ ಮಾಡಿ ಖಗೋಳ ವಿಜ್ಞಾನಕ್ಕೇ ಹೋಗೋದು ಅಂತ ಇತ್ತು. ಈಗ ಮನೆ ಕಾರಣಕ್ಕೆ ಬೆಂಗಳೂರಲ್ಲಿ ಡೇಟಾ ಇಂಜಿನಿಯರ್ ಕೆಲಸ ಒಪ್ಪಿಕೊಳ್ಳಬೇಕಾಗಿದೆ. ಮೂರು ಪ್ರಶ್ನೆ. ಎರಡು ಮೂರು ವರ್ಷ ಬಿಟ್ಟು ಪಿಎಚ್‌ಡಿಗೆ ಹೋಗಬೇಕು ಅಂದರೆ ಬಾಗಿಲು ತೆರೆದಿರುತ್ತಾ? ಕೆಲಸದಲ್ಲಿದ್ದುಕೊಂಡೇ, ಬರೀ ಚಂದದ ಫೋಟೊ ಅಲ್ಲ, ಯಾರಿಗಾದರೂ ಉಪಯೋಗಕ್ಕೆ ಬರುವ ಖಗೋಳ ಕೆಲಸ ಮಾಡೋಕೆ ಆಗುತ್ತಾ? ಮೊದಲ ಸಂಬಳಕ್ಕೇ ಟೆಲಿಸ್ಕೋಪ್ ತಗೋಬೇಕಾ? ಕೈಯಲ್ಲಿರೋದು 10×50 ಬೈನಾಕ್ಯುಲರ್, ಹಳೇ ಡಿಎಸ್ಎಲ್ಆರ್, 50 ಮಿ.ಮೀ. ಲೆನ್ಸ್. ಬಾಡಿಗೆ ಮನೆ, ತಾರಸಿ ಕೀಲಿ ಸಿಗುತ್ತೆ. "ಕನಸು ಬಿಡಬೇಡಿ" ಅನ್ನುವ ಉತ್ತರಗಳು ಬೇಡ, ದಯವಿಟ್ಟು.

ದಕ್ಷಿಣಾಯನ

ಮೊದಲನೇ ಪ್ರಶ್ನೆಗೆ. ಬಾಗಿಲು ತೆರೆದಿರುತ್ತೆ. ಆದರೆ ಅದು ವರ್ಷಕ್ಕೊಮ್ಮೆ ತೆರೆಯುತ್ತೆ, ಕಂಪನಿಯ ಕ್ಯಾಲೆಂಡರ್ ಅದಕ್ಕೆ ಹೊಂದೋದಿಲ್ಲ. ಅದನ್ನು ಈಗಲೇ ಲೆಕ್ಕ ಹಾಕಿಕೊಳ್ಳಿ.

ಗೇಟ್ ಪರೀಕ್ಷೆ ಫೆಬ್ರವರಿಯಲ್ಲಿ, ಜೆಸ್ಟ್ (ಭೌತಶಾಸ್ತ್ರದ ಪಿಎಚ್‌ಡಿ ಪ್ರವೇಶ ಪರೀಕ್ಷೆ) ಅದರ ಆಸುಪಾಸಿನಲ್ಲೇ. ಸಂದರ್ಶನಗಳು ಸಾಮಾನ್ಯವಾಗಿ ಮೇ, ಜೂನ್. ಸೇರ್ಪಡೆ ಜುಲೈ ಕೊನೆ ಅಥವಾ ಆಗಸ್ಟ್. ನಿಮ್ಮ ಆಫರ್ ಪತ್ರದಲ್ಲಿ ನೋಟಿಸ್ ಅವಧಿ 90 ದಿನ ಅಂತ ಇದ್ದರೆ ಆಗಸ್ಟ್ 1ಕ್ಕೆ ಬಿಡುಗಡೆಯಾಗಲು ಮೇ ಮೊದಲ ವಾರದಲ್ಲೇ ರಾಜೀನಾಮೆ ಕೊಡಬೇಕು, ಅಂದರೆ ಸಂದರ್ಶನದ ಫಲಿತಾಂಶ ಬರೋಕೆ ಮುಂಚೆ. ಜನ ಸಿಕ್ಕಿಹಾಕಿಕೊಳ್ಳೋದು ಪರೀಕ್ಷೆಯಲ್ಲಲ್ಲ, ಇಲ್ಲಿ. ಹಾಗಾಗಿ ಸಹಿ ಹಾಕುವ ಮುನ್ನ ಎರಡು ವಿಷಯ ಬರಹದಲ್ಲಿ ಕೇಳಿ: ನೋಟಿಸ್ ಅವಧಿಯನ್ನು ದುಡ್ಡು ಕಟ್ಟಿ ಕಡಿಮೆ ಮಾಡಿಕೊಳ್ಳಬಹುದೇ, ಮತ್ತು ಸೇವಾ ಕರಾರು (ಬಾಂಡ್) ಎಷ್ಟು ತಿಂಗಳದ್ದು. ಹದಿನೆಂಟು ತಿಂಗಳ ಬಾಂಡ್ ಜುಲೈನಲ್ಲಿ ಶುರುವಾದರೆ ಮುಗಿಯೋದು ಜನವರಿಯಲ್ಲಿ, ಫೆಬ್ರವರಿ ಪರೀಕ್ಷೆಗೆ ಸರಿಹೋಗುತ್ತೆ. ಎರಡು ವರ್ಷದ್ದಾದರೆ ಅದು ಮುಗಿಯುವ ಹೊತ್ತಿಗೆ ಸಂದರ್ಶನ ಮುಗಿದು ಸೇರ್ಪಡೆಯ ದಿನಗಳು. ಅದೂ ನಡೆಯುತ್ತೆ, ಆದರೆ ಪ್ರಾಜೆಕ್ಟ್ ಬಿಡುಗಡೆ ಒಂದೇ ತಿಂಗಳು ತಡವಾದರೂ ಆ ವರ್ಷ ಹೋಯಿತು.

ಗೇಟ್ ಅಂಕ ಮೂರು ವರ್ಷ ಊರ್ಜಿತ. ಓದಿನ ಬಿಸಿ ಇರುವಾಗಲೇ, ಅಂದರೆ ಬರುವ ಫೆಬ್ರವರಿಯಲ್ಲೇ ಬರೆದಿಟ್ಟರೆ ಮೂರು ಪ್ರವೇಶ ಸುತ್ತುಗಳ ಕಾಲ ಕೈಯಲ್ಲಿರುತ್ತೆ. ಜೆಸ್ಟ್ ಹಾಗಲ್ಲ, ಆಯಾ ವರ್ಷದ್ದು ಆಯಾ ವರ್ಷಕ್ಕೆ.

ಶಿಫಾರಸು ಪತ್ರದ ವಿಷಯವನ್ನು ಎಲ್ಲರೂ ಮರೀತಾರೆ. ಎರಡು ವರ್ಷದ ಮೇಲೆ ನಿಮ್ಮ ಪ್ರಾಜೆಕ್ಟ್ ಮಾರ್ಗದರ್ಶಕರಿಗೆ ನಿಮ್ಮ ಹೆಸರು ನೆನಪಿರಬಹುದು, ಕೆಲಸ ನೆನಪಿರಲ್ಲ. ವಿಶ್ವವಿದ್ಯಾಲಯ ಬಿಡುವ ಮುಂಚೆ ಪ್ರಾಜೆಕ್ಟ್ ವರದಿ, ಕೋಡ್, ನೀವು ಯಾವ ಭಾಗ ಮಾಡಿದಿರಿ ಅನ್ನುವ ಒಂದು ಪುಟದ ಟಿಪ್ಪಣಿ ಅವರಿಗೆ ಮೇಲ್ ಮಾಡಿ. ವರ್ಷಕ್ಕೊಮ್ಮೆ ಏನು ಮಾಡುತ್ತಿದ್ದೀರಿ ಅಂತ ನಾಲ್ಕು ಸಾಲು ಬರೆಯಿರಿ.

ಸಂದರ್ಶನದಲ್ಲಿ ಕಪ್ಪು ರಂಧ್ರದ ಬಗ್ಗೆ ಕೇಳ್ತಾರೆ ಅಂದುಕೊಂಡು ಹೋಗೋರು ಜಾಸ್ತಿ. ಕೇಳೋದು ಯಂತ್ರಶಾಸ್ತ್ರ, ವಿದ್ಯುತ್ಕಾಂತತ್ವ, ಸಂಖ್ಯಾಶಾಸ್ತ್ರೀಯ ಭೌತಶಾಸ್ತ್ರ, ಕ್ವಾಂಟಮ್‌ನ ಬುನಾದಿ. ಕೆಲಸಕ್ಕೆ ಸೇರಿದವರು ಮೊದಲು ಕಳೆದುಕೊಳ್ಳೋದು ಕೈಲೆಕ್ಕ. ವಾರಕ್ಕೆ ನಾಲ್ಕು ಗಂಟೆ, ಪೆನ್ನು ಕಾಗದದಲ್ಲಿ, ಹಳೇ ಜೆಸ್ಟ್ ಪ್ರಶ್ನೆಪತ್ರಿಕೆ. ವಿಡಿಯೋ ನೋಡಿದ್ದು ಲೆಕ್ಕಕ್ಕಿಲ್ಲ.

ದುಡ್ಡಿನ ಬಗ್ಗೆ: ಪಿಎಚ್‌ಡಿ ಮಾಡುವವರ ಶಿಷ್ಯವೇತನ 2023ರ ಜನವರಿಯಿಂದ ಮೊದಲ ವರ್ಷಗಳಿಗೆ (ಜೆಆರ್‌ಎಫ್) ತಿಂಗಳಿಗೆ 37,000, ಆಮೇಲೆ (ಎಸ್‌ಆರ್‌ಎಫ್) 42,000, ಮೇಲೆ ಮನೆ ಬಾಡಿಗೆ ಭತ್ಯೆ. ಐದಾರು ವರ್ಷ ಪಿಎಚ್‌ಡಿ, ಆಮೇಲೆ ಸಾಮಾನ್ಯವಾಗಿ ಒಂದಲ್ಲ ಎರಡು ಪೋಸ್ಟ್‌ಡಾಕ್ (ತಾತ್ಕಾಲಿಕ ಸಂಶೋಧನಾ ಹುದ್ದೆ), ಹೆಚ್ಚಿನ ಸಲ ಹೊರದೇಶದಲ್ಲಿ. ಮನೆಗೆ ಕಳಿಸಬೇಕಾದ ಮೊತ್ತ ಎಷ್ಟು ಅಂತ ಮೊದಲು ಬರೆದುಕೊಂಡು, ಅದಕ್ಕೆ ಆರು ವರ್ಷಕ್ಕೆ ಬೇಕಾದ ಇಡುಗಂಟು ಎಷ್ಟು ಅಂತ ನೋಡಿ. ಅದು ಸೇರುವ ತಿಂಗಳೇ ನಿಮ್ಮ ನಿಜವಾದ ಗಡುವು. "ಎರಡು ಮೂರು ವರ್ಷ" ಅನ್ನೋದು ಗಡುವಲ್ಲ.

ಎರಡನೇ ಮಹಡಿ

ಕಹಿಯಾಗುತ್ತೆ, ಆದರೂ ಹೇಳ್ತೀನಿ. ಹವ್ಯಾಸ ಬೇರೆ, ಸಂಶೋಧನೆ ಬೇರೆ. ಲಡಾಖಿನ ಹಾನ್ಲೆಯಲ್ಲಿ 2 ಮೀಟರ್ ಟೆಲಿಸ್ಕೋಪ್ ಇದೆ, ಅದನ್ನು ಹೊಸಕೋಟೆಯಲ್ಲಿ ಕೂತು ನಡೆಸ್ತಾರೆ. ಅಂಥದ್ದಿರುವಾಗ ತಾರಸಿ ಮೇಲೆ ಬೈನಾಕ್ಯುಲರ್ ಹಿಡಿದು ವಿಜ್ಞಾನಕ್ಕೆ ಏನು ಸೇರಿಸ್ತೀರಿ? ಖುಷಿಗೆ ಮಾಡಿ, ಸಂಶೋಧನೆ ಅಂತ ಕರೀಬೇಡಿ.

ಜೂಲಿಯನ್ ದಿನ

ಮೇಲಿನವರ ಪ್ರಶ್ನೆಗೆ ಉತ್ತರ ಸುಲಭ: 2 ಮೀಟರ್ ದೂರದರ್ಶಕಕ್ಕೆ ಮೂರನೇ ಕಾಂತಿಮಾನದ ನಕ್ಷತ್ರ ಕೊಟ್ಟರೆ ಪತ್ತೆಕಾರಕ (ಬೆಳಕು ಹಿಡಿಯುವ ಚಿಪ್) ತುಂಬಿ ಹರಿಯುತ್ತೆ. ಕಾಂತಿಮಾನ ಅಂದರೆ ನಕ್ಷತ್ರದ ಪ್ರಕಾಶದ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಂಕು. ಅದೂ ಅಲ್ಲದೆ, 332 ದಿನಕ್ಕೊಮ್ಮೆ ಏರಿಳಿಯುವ ಒಂದು ನಕ್ಷತ್ರವನ್ನು ನೂರು ವರ್ಷ ಬಿಡದೆ ನೋಡಲು ಯಾವ ಸಮಯ ಹಂಚಿಕೆ ಸಮಿತಿಯೂ ಅದಕ್ಕೆ ಅವಕಾಶ ಕೊಡೋದಿಲ್ಲ. ಚರ ನಕ್ಷತ್ರಗಳ, ಅಂದರೆ ಪ್ರಕಾಶ ಏರಿಳಿಯುವ ನಕ್ಷತ್ರಗಳ, ಕೆಲಸ ಹವ್ಯಾಸಿಗಳ ಕೈಯಲ್ಲಿ ಉಳಿದಿರೋದು ಈ ಎರಡು ಕಾರಣಕ್ಕೆ. ಎಎವಿಎಸ್ಒ (ಚರ ನಕ್ಷತ್ರ ವೀಕ್ಷಕರ ಅಮೆರಿಕದ ಸಂಘ) 1911ರಿಂದ ಹವ್ಯಾಸಿಗಳ ಪ್ರಕಾಶದ ಅಂದಾಜುಗಳನ್ನು ಕೂಡಿಡುತ್ತಿದೆ, ವೃತ್ತಿಪರರು ಅಲ್ಲಿಂದಲೇ ಎತ್ತಿಕೊಳ್ಳುತ್ತಾರೆ. ಅವಿಭಜಿತ ಬಂಗಾಳದ ಜೆಸ್ಸೋರ್‌ನಲ್ಲಿ ಸರ್ಕಾರಿ ಖಜಾನೆಯ ನೌಕರರಾಗಿದ್ದ ರಾಧಾ ಗೋಬಿಂದ ಚಂದ್ರ ಆ ಸಂಸ್ಥೆಗೆ ಕಳಿಸಿದ್ದು 37,000ಕ್ಕೂ ಹೆಚ್ಚು ಅಂದಾಜು. ಮೆಟ್ರಿಕ್ಯುಲೇಷನ್ ಕೂಡ ಪಾಸಾಗಿರಲಿಲ್ಲ. ಸಂಸ್ಥೆಯೇ ಅವರಿಗೆ 6 ಅಂಗುಲದ ದೂರದರ್ಶಕ ಎರವಲು ಕಳಿಸಿತು. ಮುಂದೆ ಅದು ಖಗೋಳ ವಿಜ್ಞಾನಿ ವೇಣು ಬಾಪು ಅವರ ಕೈಗೆ ಬಂತು.

ಈಗ ಕೃತ್ತಿಕೆಯವರ ಎರಡನೇ ಪ್ರಶ್ನೆ. ಕೆಲಸದಲ್ಲಿರುವವರು "ಯಾವ ವಿಷಯ ಇಷ್ಟ" ಅಂತ ಶುರುಮಾಡಿದರೆ ಆರು ತಿಂಗಳಲ್ಲಿ ಬಿಡ್ತಾರೆ. "ಈ ವಸ್ತುವನ್ನು ಎಷ್ಟು ದಿನಕ್ಕೊಮ್ಮೆ ನೋಡಿದರೆ ದತ್ತಾಂಶ ಉಪಯುಕ್ತ" ಅಂತ ಕೇಳಿ ಆರಿಸಿ. ಬದಲಾಗಿರೋದು ನಿಮ್ಮ ಬಿಡುವಿನ ಹೊತ್ತು ಒಂದೇ. ಅದಕ್ಕೆ ಹೊಂದುವ ನಕ್ಷತ್ರ ಇದ್ದೇ ಇದೆ.

ಮೀರಾ ಜಾತಿಯ, ತಿಂಗಳುಗಟ್ಟಲೆ ನಿಧಾನವಾಗಿ ಏರಿಳಿಯುವ ಕೆಂಪು ನಕ್ಷತ್ರಗಳು (ಮೀರಾ ಅಂದರೆ ಓಮಿಕ್ರಾನ್ ಸೀಟಿ 332 ದಿನ, ಆರ್ ಲಿಯೋನಿಸ್ ಸುಮಾರು 310, ಕೈ ಸಿಗ್ನಿ ಸುಮಾರು 408): 7ರಿಂದ 10 ದಿನಕ್ಕೊಂದು ಅಂದಾಜು ಸಾಕು. ಒಂದಕ್ಕೆ ಐದು ನಿಮಿಷ. ಆಫೀಸಿನಲ್ಲಿ ರಿಲೀಸ್ ಇದ್ದ ವಾರ ತಪ್ಪಿದರೂ ಪ್ರಕಾಶದ ಏರಿಳಿತ ತೋರಿಸುವ ವಕ್ರರೇಖೆ ಕೆಡೋದಿಲ್ಲ. ಕೆಲಸಕ್ಕೆ ಹೋಗುವವರಿಗೆ ಇವೇ ಸರಿ. ಶಿಖರದ ಹತ್ತಿರ ಬೈನಾಕ್ಯುಲರ್‌ಗೇ ಸಿಗುತ್ತವೆ, ತಳಕ್ಕಿಳಿದಾಗ 150 ಮಿ.ಮೀ. ದೂರದರ್ಶಕ ಬೇಕು.

ಆರ್ದ್ರಾ: ಬರಿಗಣ್ಣಿಗೆ, ಹತ್ತು ದಿನಕ್ಕೊಮ್ಮೆ. 2020ರ ಫೆಬ್ರವರಿಯಲ್ಲಿ 1.6ರ ತನಕ ಇಳಿದಿದ್ದು ಎಲ್ಲರಿಗೂ ಗೊತ್ತು. ಅದಕ್ಕೆ ಮುಂಚಿನ ದಶಕಗಳ ಅಂದಾಜು ಇದ್ದಿದ್ದರಿಂದಲೇ ಅದು ಮಾಮೂಲಿ ಇಳಿತ ಅಲ್ಲ ಅಂತ ಹೇಳೋಕೆ ಆಗಿದ್ದು.

ಸೀಫೀಡ್‌ಗಳು (ನಿಗದಿತ ಲಯದಲ್ಲಿ ಹಿಗ್ಗಿ ಕುಗ್ಗುತ್ತಾ ಪ್ರಕಾಶ ಬದಲಿಸುವ ನಕ್ಷತ್ರಗಳು): ಡೆಲ್ಟಾ ಸೀಫಿ 5.366 ದಿನ, ಈಟಾ ಆಕ್ವಿಲೇ 7.18 ದಿನ. ಪ್ರತಿ ರಾತ್ರಿ ಒಂದು ಅಂದಾಜು ಬೇಕು. ಕೈ ಪಳಗಿಸಿಕೊಳ್ಳೋಕೆ ಇದಕ್ಕಿಂತ ಒಳ್ಳೆಯದಿಲ್ಲ, ಏಕೆಂದರೆ ಉತ್ತರ ಗೊತ್ತಿದೆ: ಒಂದು ತಿಂಗಳ ಅಂದಾಜುಗಳನ್ನು ಅವಧಿಗೆ ಮಡಿಸಿದಾಗ (ಎಲ್ಲ ಸುತ್ತುಗಳನ್ನೂ ಒಂದರ ಮೇಲೊಂದು ಕೂರಿಸಿದಾಗ) ಗರಗಸದ ಹಲ್ಲಿನ ಆಕಾರ ಬರಲಿಲ್ಲ ಅಂದರೆ ತಪ್ಪು ನಿಮ್ಮ ಕಣ್ಣಿನದು ಅಥವಾ ನಿಮ್ಮ ಗಡಿಯಾರದ್ದು.

ಗ್ರಹಣ ಜೋಡಿಗಳು (ಸುತ್ತುತ್ತಾ ಒಂದನ್ನೊಂದು ಮರೆಮಾಡುವ ಎರಡು ನಕ್ಷತ್ರಗಳು): ಆಲ್ಗಾಲ್‌ನ ಇಳಿತ ಏರಿಕೆ ಸೇರಿ ಸುಮಾರು 10 ಗಂಟೆ. ಮೊದಲು ಅರ್ಧ ಗಂಟೆಗೊಂದು, ತಳದ ಹತ್ತಿರ 10 ನಿಮಿಷಕ್ಕೊಂದು ಅಂದಾಜು. ಶನಿವಾರ ರಾತ್ರಿಯ ಕೆಲಸ. ಆಲ್ಗಾಲ್ ಪಕ್ಕದ ರೋ ಪರ್ಸಿಯನ್ನು ಹೋಲಿಕೆಗೆ ಬಳಸಬೇಡಿ, ಅದೂ ಚರ ನಕ್ಷತ್ರವೇ.

ಅನ್ಯಗ್ರಹ ಸಂಕ್ರಮಣ (ಬೇರೆ ನಕ್ಷತ್ರದ ಗ್ರಹ ಆ ನಕ್ಷತ್ರದ ಮುಂದೆ ಹಾಯೋದು): ಎಚ್‌ಡಿ 189733 ನಕ್ಷತ್ರದ ಗ್ರಹ ಹಾದಾಗ ಬೆಳಕು ಇಳಿಯೋದು ಸುಮಾರು ಶೇ 2.4. ಹಾಯುವ ಸಮಯ 2 ಗಂಟೆಗೆ ಸ್ವಲ್ಪ ಕಡಿಮೆ. ಮುಂಚೆ ಒಂದು ಗಂಟೆ, ಆಮೇಲೆ ಒಂದು ಗಂಟೆ ಸೇರಿಸಿ ಬಿಡದೆ ನಾಲ್ಕು ಗಂಟೆ. ಮರುದಿನ ಬೆಳಿಗ್ಗೆ 9ಕ್ಕೆ ಮೀಟಿಂಗ್ ಇರುವವರು ಮೊದಲ ವರ್ಷ ಇದನ್ನು ಮುಟ್ಟದಿರೋದು ಒಳ್ಳೆಯದು.

ಇನ್ನೊಂದು ಮಾತು. ಅಮೆರಿಕದ ಕ್ಲೈಂಟ್ ಜೊತೆ ಕೆಲಸವಾದರೆ ಸಂಜೆ 7ರಿಂದ 11 ನಿಮ್ಮದಲ್ಲ. ಆಗ ಬೆಳಗಿನ ಜಾವ 4:30ರಿಂದ 5:30 ಹಿಡಿಯಿರಿ. ಸೂರ್ಯನ ಹಿಂದಿನಿಂದ ಆಗಷ್ಟೇ ಹೊರಬಂದ ನಕ್ಷತ್ರಗಳನ್ನು ಬೆಳಗಿನಲ್ಲಿ ನೋಡುವವರು ಪ್ರಪಂಚದಲ್ಲೇ ಕಡಿಮೆ, ಆ ಅಂದಾಜುಗಳಿಗೆ ಬೆಲೆ ಜಾಸ್ತಿ.

ಎರಡನೇ ಮಹಡಿ

ಸರಿ, ಪ್ರಕಾಶಮಾನ ನಕ್ಷತ್ರಗಳ ಮಾತು ಒಪ್ಪಿದೆ. ಆದರೆ ಕಣ್ಣಂದಾಜಿನ ತಪ್ಪು 0.1 ಕಾಂತಿಮಾನಕ್ಕಿಂತ ಕಡಿಮೆ ಮಾಡೋಕೆ ಆಗಲ್ಲ, ಹೊಸಬರದ್ದು 0.3 ದಾಟುತ್ತೆ. ಅದನ್ನೂ ಹೇಳಿ.

ಜೂಲಿಯನ್ ದಿನ

ನಿಜ. ಆರು ಕಾಂತಿಮಾನ ಏರಿಳಿಯುವ ಮೀರಾಗೆ 0.2 ತೊಂದರೆಯಿಲ್ಲ. 0.9 ಮಾತ್ರ ಬದಲಾಗುವ ಡೆಲ್ಟಾ ಸೀಫಿಗೆ ತೊಂದರೆ. ತಪ್ಪು ಎಲ್ಲಿಂದ ಬರುತ್ತೆ ಅಂತ ಒಂದೊಂದಾಗಿ ಬರೀತೀನಿ.

ವಿಧಾನ: ನಕ್ಷೆಯಲ್ಲಿ ಚರ ನಕ್ಷತ್ರಕ್ಕಿಂತ ಸ್ವಲ್ಪ ಪ್ರಕಾಶವಾದದ್ದೊಂದು, ಸ್ವಲ್ಪ ಮಂಕಾದದ್ದೊಂದು ಆರಿಸಿಕೊಳ್ಳಿ. ನಕ್ಷೆಯಲ್ಲಿ 34 ಅಂತ ಇದ್ದರೆ 3.4 ಅಂತ ಓದಬೇಕು. ದಶಮಾಂಶದ ಚುಕ್ಕಿಯನ್ನು ನಕ್ಷತ್ರ ಅಂದುಕೊಳ್ಳಬಾರದು ಅಂತ ಚುಕ್ಕಿ ಬಿಟ್ಟಿರ್ತಾರೆ. ಡೆಲ್ಟಾ ಸೀಫಿಗೆ ಪಕ್ಕದಲ್ಲೇ ಜೀಟಾ (3.4), ಎಪ್ಸಿಲಾನ್ (4.2) ಇವೆ. ಇವೆರಡರ ನಡುವೆ ಸರಿಯಾಗಿ ಮಧ್ಯದಲ್ಲಿದ್ದರೆ 3.8. ಜೀಟಾದ ಕಡೆಗೆ ಕಾಲುಭಾಗದಲ್ಲಿದ್ದರೆ 3.6. ಇಷ್ಟೇ ಲೆಕ್ಕ.

ಕೆಂಪು ನಕ್ಷತ್ರವನ್ನು ದಿಟ್ಟಿಸಿದಷ್ಟೂ ಅದು ಪ್ರಕಾಶವಾಗುತ್ತಾ ಹೋದಂತೆ ಕಾಣುತ್ತೆ. ಹೊಸಬರ ಮೀರಾ ಅಂದಾಜುಗಳು ಹೆಚ್ಚು ಬರೋದು ಇದರಿಂದ. ಚಕ್ಕಂತ ನೋಡಿ ಕಣ್ಣು ತೆಗೀರಿ, ಎರಡು ಮೂರು ಸಲ. ಬೈನಾಕ್ಯುಲರನ್ನು ಸ್ವಲ್ಪ ಮಸುಕು ಮಾಡಿಕೊಂಡರೆ ಬಣ್ಣದ ಆಟ ಕಡಿಮೆಯಾಗುತ್ತೆ.

ಒಂದರ ಮೇಲೊಂದು ಇರುವ ಎರಡು ನಕ್ಷತ್ರಗಳಲ್ಲಿ ಕೆಳಗಿನದು ಪ್ರಕಾಶವಾಗಿ ಕಾಣೋದುಂಟು. ತಲೆ ಓರೆ ಮಾಡಿ, ಎರಡೂ ಕಣ್ಣಿನ ಗೆರೆಗೆ ಸಮಾನಾಂತರವಾಗಿ ಬರಲಿ.

ಆರ್ದ್ರಾಗೆ ಹೋಲಿಕೆ ನಕ್ಷತ್ರಗಳು ದೂರ ದೂರ: ರೋಹಿಣಿ 0.9, ಪುನರ್ವಸುವಿನ ಪೋಲಕ್ಸ್ 1.1. ಆರ್ದ್ರಾ ಮೇಲಿದ್ದು ಇನ್ನೊಂದು ದಿಗಂತಕ್ಕೆ ಹತ್ತಿರ ಇದ್ದರೆ ಗಾಳಿಪದರವೇ ಅರ್ಧ ಕಾಂತಿಮಾನ ತಿನ್ನಬಹುದು. ಎಲ್ಲವೂ ಹೆಚ್ಚುಕಡಿಮೆ ಒಂದೇ ಎತ್ತರ ಬರುವ ಹೊತ್ತಿಗೆ ಕಾಯಿರಿ.

ಹಿಂದಿನ ವಾರದ ಅಂದಾಜು ಕಣ್ಣಿಗೆ ಬೀಳಬಾರದು. ಅದಕ್ಕೇ ಚಿಕ್ಕ ಪುಸ್ತಕದಲ್ಲಿ ಹೊಸ ಪುಟಕ್ಕೆ ಬರೆಯೋದು. "ಇಳೀತಿರಬೇಕು" ಅನ್ನುವ ನಿರೀಕ್ಷೆಯೇ ನಕ್ಷತ್ರವನ್ನು ಇಳಿಸಿಬಿಡುತ್ತೆ.

ಗಡಿಯಾರ: ವರದಿ ಹೋಗಬೇಕಾದ್ದು ಜಾಗತಿಕ ಸಮಯದಲ್ಲಿ (ಯುಟಿ) ಅಥವಾ ಜೂಲಿಯನ್ ದಿನದಲ್ಲಿ, ಅಂದರೆ ಖಗೋಳದವರು ತಿಂಗಳು ವರ್ಷ ಇಲ್ಲದೆ ಒಂದೇ ಸಮನೆ ಎಣಿಸುವ ದಿನಗಳ ಲೆಕ್ಕದಲ್ಲಿ. ಜೂಲಿಯನ್ ದಿನ ಬದಲಾಗೋದು ನಮ್ಮ ಸಂಜೆ 5:30ಕ್ಕೆ, ಹಾಗಾಗಿ ನಮ್ಮ ಇಡೀ ರಾತ್ರಿ ಒಂದೇ ದಿನಾಂಕದಲ್ಲಿ ಬೀಳುತ್ತೆ. ಇದು ಭಾರತದವರಿಗೆ ಸಿಕ್ಕ ಅನುಕೂಲ. ರಾತ್ರಿ 9 ಅಂದರೆ ದಶಮಾಂಶ .146. ನಮ್ಮ ಸಮಯವನ್ನೇ ಜಾಗತಿಕ ಸಮಯ ಅಂತ ತುಂಬಿದರೆ .375 ಆಗಿ 0.229 ದಿನದ ತಪ್ಪು. ಮೀರಾಗೆ ಲೆಕ್ಕಕ್ಕಿಲ್ಲ. ಡೆಲ್ಟಾ ಸೀಫಿ ಏರುವಾಗ ಇಷ್ಟೇ ಹೊತ್ತಿನಲ್ಲಿ 0.1ಕ್ಕೂ ಹೆಚ್ಚು ಬದಲಾಗಿರುತ್ತೆ, ಆಲ್ಗಾಲ್ ಗ್ರಹಣಕ್ಕಂತೂ ವರದಿಯೇ ವ್ಯರ್ಥ.

ವೀಕ್ಷಕ ಸಂಕೇತ ಪಡೆಯೋದು, ನಕ್ಷೆ ಇಳಿಸಿಕೊಳ್ಳೋದು, ವರದಿ ಕಳಿಸೋದು ಉಚಿತ. ಸದಸ್ಯತ್ವ ಬೇರೆ ವಿಷಯ, ಅದು ಕಡ್ಡಾಯವಲ್ಲ. ವರದಿಯಲ್ಲಿ ನಕ್ಷೆಯ ಗುರುತುಸಂಖ್ಯೆ ತಪ್ಪದೆ ಹಾಕಿ. ಹೋಲಿಕೆ ನಕ್ಷತ್ರದ ಮೌಲ್ಯ ಮುಂದೆ ಪರಿಷ್ಕಾರವಾದರೆ ನಿಮ್ಮ ಅಂದಾಜನ್ನೂ ತಿದ್ದಬಹುದು.

ಕೃತ್ತಿಕೆ

ಉಪಯೋಗ ಆಯ್ತು. ಬೆಂಗಳೂರಿನ ಆಕಾಶಕ್ಕೆ ಇದು ನಡೆಯುತ್ತಾ? ನಮ್ಮ ಏರಿಯಾದಲ್ಲಿ ಬರಿಗಣ್ಣಿಗೆ ಮೂರನೇ ಕಾಂತಿಮಾನದ್ದೇ ಕಷ್ಟ. ಡಿಎಸ್ಎಲ್ಆರ್ ಇದಕ್ಕೆ ಬಳಸಬಹುದಾ?

ಹಸಿರು ಚಾನೆಲ್

ನೀಹಾರಿಕೆಗೆ ಬೆಂಗಳೂರು ಆಗಲ್ಲ. ನಕ್ಷತ್ರದ ಅಳತೆಗೆ ಆಗುತ್ತೆ, ಏಕೆಂದರೆ ಚರ ನಕ್ಷತ್ರ, ಹೋಲಿಕೆ ನಕ್ಷತ್ರ ಎರಡಕ್ಕೂ ಹಿನ್ನೆಲೆ ಬೆಳಕು ಒಂದೇ. ಅದನ್ನು ಕಳೆಯಬಹುದು. 10×50ನಲ್ಲಿ ಊರೊಳಗಿಂದಲೂ ಏಳೆಂಟನೇ ಕಾಂತಿಮಾನದ ತನಕ ಹೋಗಬಹುದು.

ಡಿಎಸ್ಎಲ್ಆರ್ ಹೀಗೆ. ರಾ ಫೈಲ್ ಮಾತ್ರ. ಜೆಪೆಗ್‌ನಲ್ಲಿ ಕ್ಯಾಮೆರಾ ಪ್ರಕಾಶವನ್ನು ಬಾಗಿಸಿಬಿಟ್ಟಿರುತ್ತೆ, ಎರಡರಷ್ಟು ಬೆಳಕು ಎರಡರಷ್ಟು ಸಂಖ್ಯೆ ಆಗಿ ಉಳಿದಿರಲ್ಲ. ನಾಯ್ಸ್ ಕಡಿತ, ಬಿಳಿ ಸಮತೋಲನದ ಸ್ವಯಂಚಾಲಿತ ಆಯ್ಕೆ ಎಲ್ಲ ಆಫ್. ಟ್ರೈಪಾಡ್, 50 ಮಿ.ಮೀ., ಐಎಸ್ಒ 400, ಪ್ರತಿ ಚಿತ್ರ 5–6 ಸೆಕೆಂಡ್. ಇದಕ್ಕಿಂತ ಹೆಚ್ಚು ಬಿಟ್ಟರೆ ನಕ್ಷತ್ರ ಗೆರೆಯಾಗುತ್ತೆ. ಫೋಕಸ್ ಸ್ವಲ್ಪ ಕೆಡಿಸಿ, ನಕ್ಷತ್ರ 8–10 ಪಿಕ್ಸೆಲ್ ಅಗಲದ ಬಿಲ್ಲೆ ಆಗಲಿ. ಮೊನಚಾಗಿ ಫೋಕಸ್ ಮಾಡಿದರೆ ಬೆಳಕೆಲ್ಲ ಒಂದೇ ಪಿಕ್ಸೆಲ್ ಮೇಲೆ ಬಿದ್ದು ತುಂಬಿಹೋಗುತ್ತೆ, ಅದೂ ಕೆಂಪು ಹಸಿರು ನೀಲಿ ಜಾಲರಿಯಲ್ಲಿ ಯಾವ ಬಣ್ಣದ ಮೇಲೆ ಬಿತ್ತು ಅನ್ನುವುದರ ಮೇಲೆ ಅಳತೆ ಕುಣಿಯುತ್ತೆ. 14 ಬಿಟ್ ಕ್ಯಾಮೆರಾದ ಗರಿಷ್ಠ 16,383. ಅತಿ ಪ್ರಕಾಶದ ನಕ್ಷತ್ರದ ನೆತ್ತಿ 11,000 ದಾಟದಿರಲಿ.

20 ಚಿತ್ರ. ಅದೇ ಸೆಕೆಂಡ್, ಅದೇ ಐಎಸ್ಒನಲ್ಲಿ ಮುಚ್ಚಳ ಹಾಕಿ 20 ಡಾರ್ಕ್. ಲೆನ್ಸ್ ಮೇಲೆ ಬಿಳಿ ಬಟ್ಟೆ ಎಳೆದು ಮುಸ್ಸಂಜೆ ಆಕಾಶಕ್ಕೆ ಹಿಡಿದು 20 ಫ್ಲಾಟ್. ಲೆನ್ಸಿನ ಅಂಚು ಮಧ್ಯಕ್ಕಿಂತ ಕತ್ತಲಿರುತ್ತೆ, ಫ್ಲಾಟ್ ಬಿಟ್ಟರೆ ಅಂಚಿನ ಹೋಲಿಕೆ ನಕ್ಷತ್ರ ನಿಮಗೆ ಸುಳ್ಳು ಹೇಳುತ್ತೆ. ಸಿರಿಲ್ ಅಥವಾ ಆಸ್ಟ್ರೋಇಮೇಜ್‌ಜೆ, ಎರಡೂ ಉಚಿತ. ಹಸಿರು ಚಾನೆಲ್ ಮಾತ್ರ ತೆಗೆದು ಅಳೀರಿ, ವರದಿಯಲ್ಲಿ "ಟಿಜಿ" ಪಟ್ಟಿ ಅಂತ ನಮೂದಿಸಿ. "ವಿ" (ಪ್ರಮಾಣಿತ ಪಟ್ಟಿ) ಅಂತ ಹಾಕಬೇಡಿ, ಅದಕ್ಕೆ ಬಣ್ಣದ ರೂಪಾಂತರದ ಗುಣಾಂಕ ಬೇಕು. ಹೋಲಿಕೆಗೊಂದು, ತಾಳೆ ನೋಡೋಕೊಂದು, ಒಟ್ಟು ಎರಡು ಸ್ಥಿರ ನಕ್ಷತ್ರ. ತಾಳೆ ನಕ್ಷತ್ರದ ಅಳತೆ ರಾತ್ರಿಯಿಂದ ರಾತ್ರಿಗೆ 0.02–0.03ಕ್ಕಿಂತ ಹೆಚ್ಚು ಅಲ್ಲಾಡಿದರೆ ಆ ರಾತ್ರಿಯದ್ದನ್ನು ಕಳಿಸಬೇಡಿ. ತೆಳು ಮೋಡ ಕಣ್ಣಿಗೆ ಕಾಣದೆಯೂ ಇರುತ್ತೆ.

ಡಿಸೆಂಬರ್ ಜನವರಿಯಲ್ಲಿ ಲೆನ್ಸ್ ಮೇಲೆ ಇಬ್ಬನಿ. ಲೆನ್ಸ್ ವ್ಯಾಸದ ಒಂದೂವರೆಪಟ್ಟು ಉದ್ದದ ಕಪ್ಪು ಕಾಗದದ ಕೊಳವೆ ಸುತ್ತಿ. ಎಲ್ಲ ನಕ್ಷತ್ರವೂ ಒಟ್ಟಿಗೆ ಮಂಕಾಗ್ತಾ ಹೋದರೆ ಇದೇ ಕಾರಣ.

ಗಾಜು ತಿಕ್ಕುವವರು

ಟೆಲಿಸ್ಕೋಪ್ ಪ್ರಶ್ನೆ ಉಳಿದುಹೋಯ್ತು. ಮೊದಲ ಆರು ತಿಂಗಳು ತಗೋಬೇಡಿ. ಬೈನಾಕ್ಯುಲರ್‌ನಲ್ಲಿ ನೂರು ಅಂದಾಜು ಆದ ಮೇಲೂ ಆಸೆ ಉಳಿದಿದ್ದರೆ 150 ಮಿ.ಮೀ. ಎಫ್/8 (ನಾಭಿದೂರ ವ್ಯಾಸದ ಎಂಟರಷ್ಟು) ಡಾಬ್ಸೋನಿಯನ್, ಅಂದರೆ ಸರಳ ಪೀಠದ ಮೇಲೆ ಕೈಯಲ್ಲೇ ತಿರುಗಿಸುವ ಕನ್ನಡಿ ದೂರದರ್ಶಕ. ಕಂಪ್ಯೂಟರ್ ಪೀಠ, ಮೋಟರ್ ಬೇಡ. ಬಾಡಿಗೆ ಮನೆ ಬದಲಿಸುವವರಿಗೆ ಸರಳ ಮರದ ಪೀಠವೇ ಲೇಸು.

ಕೊಂಡುಕೊಳ್ಳಬಹುದು, ಕನ್ನಡಿ ನೀವೇ ತಿಕ್ಕಲೂಬಹುದು. ತಿಕ್ಕುವ ಹುಚ್ಚಿದ್ದರೆ ಲೆಕ್ಕ ಇದು. 150 ಮಿ.ಮೀ. ವ್ಯಾಸ, 25 ಮಿ.ಮೀ. ದಪ್ಪದ ಎರಡು ಗಾಜಿನ ಬಿಲ್ಲೆ, ಒಂದು ಕನ್ನಡಿಗೆ, ಇನ್ನೊಂದು ಅದನ್ನು ತಿಕ್ಕುವ ಉಪಕರಣಕ್ಕೆ. ನಾಭಿದೂರ 1200 ಮಿ.ಮೀ., ಹಾಗಾಗಿ ವಕ್ರತಾ ತ್ರಿಜ್ಯ 2400. ಮಧ್ಯದ ಆಳ ತಿಳಿಯಲು ಅರ್ಧವ್ಯಾಸದ ವರ್ಗವನ್ನು (75ರ ವರ್ಗ, 5625) ವಕ್ರತಾ ತ್ರಿಜ್ಯದ ಎರಡರಷ್ಟರಿಂದ (4800) ಭಾಗಿಸಿ: 1.17 ಮಿ.ಮೀ. ಕನ್ನಡಿಗೆ ಅಡ್ಡಲಾಗಿ ಸ್ಟೀಲ್ ಪಟ್ಟಿ ಇಟ್ಟು 1.2 ಮಿ.ಮೀ. ಡ್ರಿಲ್ ಬಿಟ್ ಮಧ್ಯದಲ್ಲಿ ಬಿಗಿಯಾಗಿ ಹೊಕ್ಕರೆ ಒರಟು ತಿಕ್ಕು ಮುಗಿಯಿತು.

80ನೇ ನಂಬರಿನ ಕಾರ್ಬೊರಂಡಮ್ 300–400 ಗ್ರಾಂ, 120 ಮತ್ತು 220 ತಲಾ 100 ಗ್ರಾಂ, ಆಮೇಲಿನ 320, 500 ತಲಾ 50 ಗ್ರಾಂ. ಕನ್ನಡಿ ಮೇಲೆ, ಉಪಕರಣ ಕೆಳಗೆ. ಮೇಲಿನದು ಗುಳಿಯಾಗುತ್ತೆ, ಕೆಳಗಿನದು ಉಬ್ಬುತ್ತೆ. ತಳ್ಳುವ ಉದ್ದ ವ್ಯಾಸದ ಮೂರನೇ ಒಂದು ಭಾಗ. ನಾಲ್ಕಾರು ತಿಕ್ಕಿಗೊಮ್ಮೆ ಕನ್ನಡಿಯನ್ನು ಕೈಯಲ್ಲಿ ಸ್ವಲ್ಪ ತಿರುಗಿಸಿ, ನೀವೂ ಮೇಜಿನ ಸುತ್ತ ಒಂದು ಹೆಜ್ಜೆ ಸರಿಯಿರಿ. ತಿರುಗದಿದ್ದರೆ ಕನ್ನಡಿ ಒಂದು ದಿಕ್ಕಿಗೆ ಬಾಗುತ್ತೆ, ಆ ದೋಷ ಕೊನೆಯವರೆಗೂ ಹೋಗಲ್ಲ.

ಕೆಡೋದು ಮುಖ್ಯವಾಗಿ ಮೂರು ಕಡೆ. ಒಂದು, ಹಂತ ಬದಲಿಸುವಾಗ ಹಿಂದಿನ ಪುಡಿಯ ಒಂದೇ ಕಣ ಉಳಿದರೂ ಗೀರು. ಬಕೆಟ್, ಬಟ್ಟೆ, ಕೆಳಗೆ ಹಾಸಿದ ಪತ್ರಿಕೆ ಎಲ್ಲ ಬದಲಾಗಬೇಕು, ಉಗುರು ಸಂದಿಯನ್ನೂ ಬ್ರಶ್ಶಿನಲ್ಲಿ ತೊಳೀಬೇಕು. ಎರಡು, ಹಿಂದಿನ ಹಂತದ ಗುಳಿಗಳು ಪೂರ್ತಿ ಹೋಗುವ ಮುಂಚೆ ಮುಂದಕ್ಕೆ ಹೋಗೋದು. ಭೂತಗನ್ನಡಿಯಲ್ಲಿ ಅಂಚಿನ ಹತ್ತಿರ ನೋಡಿ, ಅಲ್ಲೇ ಕೊನೆಗೆ ಹೋಗೋದು. ಮೂರು, ಪಾಲಿಶ್‌ನಲ್ಲಿ ಪಿಚ್ (ಉಪಕರಣದ ಮೇಲೆ ಹಚ್ಚುವ ಡಾಂಬರಿನಂಥ ಪದರ) ಮೆತ್ತಗಾಗೋದು. ಏಪ್ರಿಲ್ ಬಿಸಿಲಿಗೆ ನಮ್ಮೂರುಗಳಲ್ಲಿ ಪಿಚ್ ಹರಿದು ಕನ್ನಡಿಯ ಅಂಚು ಕೆಳಕ್ಕೆ ಬಾಗುತ್ತೆ. ಹೆಬ್ಬೆರಳ ಉಗುರು ಗಟ್ಟಿಯಾಗಿ ಒತ್ತಿದಾಗ ಸಣ್ಣ ಗುರುತು ಬೀಳಬೇಕು, ಹೂತುಹೋಗಬಾರದು. ಮೆತ್ತಗಿದ್ದರೆ ಸ್ವಲ್ಪ ರಾಳ ಸೇರಿಸಿ ಕಾಯಿಸಿ. ಪಾಲಿಶ್‌ಗೆ ಸೀರಿಯಂ ಆಕ್ಸೈಡ್ 50–100 ಗ್ರಾಂ. ಈ ಕೆಲಸ ನವೆಂಬರ್‌ನಿಂದ ಫೆಬ್ರವರಿ ಒಳಗೆ ಮುಗಿಸಿ.

ಪರೀಕ್ಷೆಗೆ ಫೂಕೋ ವಿಧಾನ: ಸೀಳಿನ ಹಿಂದೆ ಎಲ್ಇಡಿ, ಪಕ್ಕದಲ್ಲಿ ಬ್ಲೇಡು, ಕನ್ನಡಿಯಿಂದ 2400 ಮಿ.ಮೀ. ದೂರ. ಎಫ್/8ನಲ್ಲಿ ಗೋಳಕ್ಕೂ ಪರವಲಯಕ್ಕೂ ವ್ಯತ್ಯಾಸ ಎಷ್ಟು ಕಡಿಮೆ ಅಂದರೆ ನಯವಾದ ಗೋಳದಲ್ಲೇ ನಿಲ್ಲಿಸಿದರೂ ಒಳ್ಳೆಯ ಕನ್ನಡಿಗೆ ಒಪ್ಪುವ ಕಾಲು ತರಂಗದ ದೋಷಮಿತಿಯ ಆಸುಪಾಸಿಗೆ ಬರುತ್ತೆ. ಹೊಸಬರಿಗೆ ಎಫ್/8 ಹೇಳೋದು ಇದಕ್ಕೇ. ಎಫ್/5 ತಿಕ್ಕೋಕೆ ಹೋಗಿ ಕನ್ನಡಿ ಅಟ್ಟದ ಮೇಲೆ ಹೋದವರು ಬಹಳ.

ಕೃತ್ತಿಕೆ

ಕನ್ನಡಿ ಸದ್ಯಕ್ಕೆ ಬೇಡ! ಜೂನ್‌ನಿಂದ ಸೆಪ್ಟೆಂಬರ್ ಮೋಡದಲ್ಲಿ ಏನು ಮಾಡ್ತೀರಿ ಎಲ್ಲರೂ?

ಮಡಿಸಿದ ವಕ್ರರೇಖೆ

ಮಳೆಗಾಲ ಅಂದರೆ ದತ್ತಾಂಶಗಾರದ ಕಾಲ. ಡೇಟಾ ಇಂಜಿನಿಯರ್ ಆಗಿ ಸೇರ್ತಿರೋದು ಇಲ್ಲಿ ಲಾಭ, ಏಕೆಂದರೆ ಹಗಲು ಕಲಿಯುವುದೇ ಇಲ್ಲಿಗೂ ಬೇಕು.

ಅನ್ಯಗ್ರಹ ಹುಡುಕುವ ನಾಸಾದ ಟೆಸ್ ಉಪಗ್ರಹದ ಬೆಳಕಿನ ದತ್ತಾಂಶ ಪೂರ್ತಿ ಮುಕ್ತ. ಆಕಾಶದ ಒಂದೊಂದು ಪಟ್ಟಿಯನ್ನು ಸುಮಾರು 27 ದಿನ ನೋಡುತ್ತೆ. ಪೈಥಾನ್‌ನ ಲೈಟ್‌ಕರ್ವ್ ಪ್ಯಾಕೇಜ್‌ನಲ್ಲಿ ನಕ್ಷತ್ರದ ಹೆಸರು ಕೊಟ್ಟರೆ ವಕ್ರರೇಖೆ ಇಳಿದುಬರುತ್ತೆ. ಮೊದಲು ಗೊತ್ತಿರುವ ಗ್ರಹಣ ಜೋಡಿಯೊಂದನ್ನು ತೆಗೆದು ಅವಧಿ ನೀವೇ ಕಂಡುಹಿಡಿಯಿರಿ.

ಎಡವುವ ಜಾಗಗಳು: ಟೆಸ್‌ನ ಒಂದು ಪಿಕ್ಸೆಲ್ 21 ಆರ್ಕ್‌ಸೆಕೆಂಡ್, ಅದರಲ್ಲಿ ನಾಲ್ಕಾರು ನಕ್ಷತ್ರ ಕೂತಿರಬಹುದು. ಏರಿಳಿಯುತ್ತಿರೋದು ನಿಮ್ಮದೋ ಪಕ್ಕದ್ದೋ ಅಂತ ಪಿಕ್ಸೆಲ್ ಪಿಕ್ಸೆಲ್ಲಾಗಿ ನೋಡಿ, ಗಾಯಾ ಉಪಗ್ರಹದ ನಕ್ಷತ್ರಪಟ್ಟಿಯ ಜೊತೆ ತಾಳೆ ಮಾಡಿ. ಗ್ರಹಣ ಜೋಡಿಯಲ್ಲಿ ಎರಡು ಗ್ರಹಣ ಒಂದೇ ಆಳ ಇದ್ದರೆ ತಂತ್ರಾಂಶ ನಿಜವಾದ ಅವಧಿಯ ಅರ್ಧವನ್ನು ಕೊಡುತ್ತೆ. ಎರಡರಷ್ಟು ಮಾಡಿ ಮತ್ತೆ ಮಡಿಸಿ, ಸರಿ ಬೆಸ ಗ್ರಹಣಗಳ ಆಳ ಬೇರೆ ಬೇರೆಯಾ ಅಂತ ನೋಡಿ. 13.7 ದಿನದ ಅವಧಿ ಸಿಕ್ಕರೆ ಕುಣಿಯಬೇಡಿ, ಅದು ಉಪಗ್ರಹವೇ ಭೂಮಿ ಸುತ್ತುವ ಅವಧಿ. ಹೊಸದು ಸಿಕ್ಕಿತು ಅನಿಸಿದರೆ ಗೊತ್ತಿರುವ ಚರ ನಕ್ಷತ್ರಗಳ ವಿಎಸ್ಎಕ್ಸ್ ಸೂಚಿಯಲ್ಲಿ ಮೊದಲು ಹುಡುಕಿ.

ನಮ್ಮ ದೇಶದ್ದೇ ಬೇಕಾದರೆ ಬೆಂಗಳೂರು ಹೊರವಲಯದ ಬ್ಯಾಲಾಳಿನ ದತ್ತಾಂಶ ಕೇಂದ್ರದಲ್ಲಿ ಇಸ್ರೋದ ಆಸ್ಟ್ರೋಸ್ಯಾಟ್ (2015ರಲ್ಲಿ ಹಾರಿದ್ದು), ಆದಿತ್ಯ ಎಲ್1 (2023) ಎರಡರ ದತ್ತಾಂಶವೂ ಇದೆ. ನೋಂದಾಯಿಸಿದರೆ ಇಳಿಸಿಕೊಳ್ಳಬಹುದು. ಆದರೆ ಎಕ್ಸ್-ಕಿರಣದ ದತ್ತಾಂಶ ಸಂಸ್ಕರಿಸುವುದು ಟೆಸ್‌ನಷ್ಟು ಸಲೀಸಲ್ಲ. ರೇಡಿಯೋ ಕಡೆ ಆಸಕ್ತಿ ಇದ್ದರೆ ರ್‍ಯಾಡ್ ಅಟ್ ಹೋಮ್ ಅಂತ 2013ರಿಂದ ನಡೀತಿದೆ, ಪುಣೆ ಬಳಿಯ ಜಿಎಂಆರ್‌ಟಿ ರೇಡಿಯೋ ದೂರದರ್ಶಕದ ಚಿತ್ರಗಳಲ್ಲಿ ವಿಚಿತ್ರ ಗೆಲಾಕ್ಸಿ ಹುಡುಕೋದಕ್ಕೆ ತರಬೇತಿ ಕೊಡ್ತಾರೆ.

ಮಳೆಗಾಲದ ನಾಲ್ಕು ತಿಂಗಳಿಗೆ ಒಂದೇ ನಕ್ಷತ್ರ ಅಥವಾ ಒಂದೇ ಸಣ್ಣ ಪಟ್ಟಿ. ಅದನ್ನು ನಾಲ್ಕು ಪುಟದ ಟಿಪ್ಪಣಿ ಮಾಡಿ. ಪಿಎಚ್‌ಡಿ ಅರ್ಜಿಯಲ್ಲಿ "ಆಸಕ್ತಿ ಇದೆ" ಅನ್ನುವ ಪುಟಕ್ಕಿಂತ ಇದಕ್ಕೆ ತೂಕ.

ಕಲಂ ಏಳು

ಒಂದು ಎಚ್ಚರಿಕೆ. ಆಫರ್ ಪತ್ರದಲ್ಲಿ ಬೌದ್ಧಿಕ ಸ್ವತ್ತಿನ ಕಲಂ ಓದಿ. ಕೆಲವು ಕರಾರುಗಳಲ್ಲಿ ನೌಕರಿಯ ಅವಧಿಯಲ್ಲಿ ಬರೆದ ಕೋಡ್ ಎಲ್ಲವೂ ಕಂಪನಿಗೆ ಸೇರುತ್ತೆ ಅಂತ ಇರುತ್ತೆ. ಕಂಪನಿಯ ಲ್ಯಾಪ್‌ಟಾಪ್, ಕ್ಲೌಡ್ ಖಾತೆ, ಮೇಲ್ ಯಾವುದನ್ನೂ ಇದಕ್ಕೆ ಬಳಸಬೇಡಿ. ಸೇರುವಾಗಲೇ "ಖಗೋಳ ದತ್ತಾಂಶ ವಿಶ್ಲೇಷಣೆ, ಸಂಬಳವಿಲ್ಲದ ಹವ್ಯಾಸ" ಅಂತ ಎಚ್‌ಆರ್‌ಗೆ ಮೇಲ್ ಮಾಡಿ ಒಪ್ಪಿಗೆಯ ಉತ್ತರ ಇಟ್ಟುಕೊಳ್ಳಿ. ಪ್ರಬಂಧ ಬರೆದಾಗ ಸಂಸ್ಥೆ ಅನ್ನುವ ಜಾಗದಲ್ಲಿ ಕಂಪನಿ ಹೆಸರು ಹಾಕಬೇಡಿ, ಸ್ವತಂತ್ರ ವೀಕ್ಷಕ ಅಂತ ಹಾಕಬಹುದು.

ಹೊಸಕೋಟೆ ರಸ್ತೆ

ಎಲ್ಲರೂ "ಕಂಪನಿ ಇಲ್ಲವೇ ಪಿಎಚ್‌ಡಿ" ಅಂತ ಎರಡೇ ದಾರಿ ಹಿಡಿದಿದ್ದೀರಿ. ಮಧ್ಯದಲ್ಲಿ ಇನ್ನೊಂದಿದೆ. ವೀಕ್ಷಣಾಲಯಗಳಿಗೆ ಇಂಜಿನಿಯರ್‌ಗಳು ಬೇಕು. ಎಸ್‌ಕೆಎ ಅನ್ನುವ ಅಂತರರಾಷ್ಟ್ರೀಯ ರೇಡಿಯೋ ದೂರದರ್ಶಕ ಯೋಜನೆಗೆ ಕೇಂದ್ರ ಸಂಪುಟ 1,250 ಕೋಟಿ ಒಪ್ಪಿದೆ. ಪುಣೆಯ ರೇಡಿಯೋ ಖಗೋಳ ಸಂಸ್ಥೆ ಎನ್‌ಸಿಆರ್‌ಎ ಅದರ ಭಾರತೀಯ ಕೇಂದ್ರ. ಅದರ ನಿಯಂತ್ರಣ ತಂತ್ರಾಂಶ ಟ್ಯಾಂಗೊ ಚೌಕಟ್ಟಿನ ಮೇಲೆ ನಿಂತಿದೆ, ಪೈಥಾನ್ ಬಲ್ಲವರಿಗೆ ಹತ್ತಿರದ್ದು. ಹೊಸಕೋಟೆಯಲ್ಲಿ ಮೂವತ್ತು ಮೀಟರ್ ದೂರದರ್ಶಕಕ್ಕೆ ಕನ್ನಡಿ ತುಂಡುಗಳನ್ನು ಪಾಲಿಶ್ ಮಾಡುವ ಘಟಕ ಇದೆ. ಆ ದೂರದರ್ಶಕಕ್ಕೆ ಬೇಕಾದ್ದು ಒಟ್ಟು 492 ತುಂಡು, ಒಂದೊಂದು 1.44 ಮೀಟರ್. ಇಂಥ ಕಡೆ ಪ್ರಾಜೆಕ್ಟ್ ಇಂಜಿನಿಯರ್ ಹುದ್ದೆಗಳು ಸಾಮಾನ್ಯವಾಗಿ ಗುತ್ತಿಗೆ, ವರ್ಷವರ್ಷ ನವೀಕರಣ, ಸಂಬಳ ಕಂಪನಿಗಿಂತ ಕಡಿಮೆ. ಪಿಎಚ್‌ಡಿ ಮಾತ್ರ ಖಗೋಳ ಅನ್ನುವ ಭ್ರಮೆ ಬಿಡಲಿ ಅಂತ ಹೇಳಿದೆ. ಕಂಪನಿಯಲ್ಲಿ ಲಿನಕ್ಸ್, ಪೈಥಾನ್, ಸಿ++, ಸಂದೇಶ ಸರತಿ, ಟೈಮ್ ಸೀರೀಸ್ ಡೇಟಾಬೇಸ್ ಕೆಲಸ ಸಿಗುವ ತಂಡ ಕೇಳಿ ಪಡೆಯಿರಿ. ವರದಿ ಡ್ಯಾಶ್‌ಬೋರ್ಡ್ ಮಾಡುವ ತಂಡಕ್ಕೆ ಬಿದ್ದರೆ ಆ ದಾರಿ ದೂರವಾಗುತ್ತೆ.

ದಕ್ಷಿಣಾಯನ

ಇದಕ್ಕೆ ಸೇರಿಸಿ: ನೌಕರಿಯಲ್ಲಿದ್ದುಕೊಂಡೇ ಪಿಎಚ್‌ಡಿ ಮಾಡುವ ಬಾಹ್ಯ ನೋಂದಣಿ ಐಐಎಸ್‌ಸಿಯಲ್ಲಿದೆ, ಆದರೆ ಮಾಲೀಕ ಸಂಸ್ಥೆಯ ಒಪ್ಪಿಗೆ, ಅಲ್ಲೇ ಸಂಶೋಧನೆಯ ಅನುಕೂಲ ಬೇಕು. ಸೇವಾ ಕಂಪನಿಯಿಂದ ಖಗೋಳಕ್ಕೆ ಅದು ಹೊಂದೋದು ಕಷ್ಟ. ಅದನ್ನು ನಂಬಿ ಯೋಜನೆ ಹಾಕಬೇಡಿ.

ಎರಡನೇ ಮಹಡಿ

ಕೃತ್ತಿಕೆಯವರೇ, ಹತ್ತು ನಕ್ಷತ್ರ ಹಿಡಿಯಬೇಡಿ. ಮೊದಲ ಸೀಸನ್‌ಗೆ ಮೂರು.

ಕೃತ್ತಿಕೆ

ಅಕ್ಟೋಬರ್‌ಗೆ ಯಾವ ಮೂರು?

ಜೂಲಿಯನ್ ದಿನ

ಡೆಲ್ಟಾ ಸೀಫಿ, ಕಣ್ಣು ಪಳಗೋಕೆ, ನವೆಂಬರ್ ಕೊನೆಯ ತನಕ ಸಂಜೆಗೆ ಸಿಗುತ್ತೆ. ನಮ್ಮ ಅಕ್ಷಾಂಶಕ್ಕೆ 45 ಡಿಗ್ರಿ ಮೇಲೆ ಏರಲ್ಲ, ಉತ್ತರಕ್ಕೆ ಕಟ್ಟಡ ಇಲ್ಲದ ಮೂಲೆ ನೋಡಿಕೊಳ್ಳಿ. ಮೀರಾ, ವಾರಕ್ಕೊಮ್ಮೆ, ಆ ತಿಂಗಳು ತಳದಲ್ಲಿದ್ದರೆ ಬೈನಾಕ್ಯುಲರ್‌ಗೆ ಸಿಗಲ್ಲ, ಆಗ "ಇಷ್ಟಕ್ಕಿಂತ ಮಂಕು" ಅಂತ ಕಂಡ ಕೊನೆಯ ಹೋಲಿಕೆ ನಕ್ಷತ್ರದ ಮೌಲ್ಯ ಹಾಕಿ ಕಳಿಸಿ, ಅದೂ ದತ್ತಾಂಶವೇ. ಡಿಸೆಂಬರ್‌ನಿಂದ ಆರ್ದ್ರಾ. ಎಎವಿಎಸ್ಒ ನಕ್ಷೆ ಮುದ್ರಿಸುವಾಗ ಬೈನಾಕ್ಯುಲರ್‌ಗೆ 15 ಡಿಗ್ರಿಯ ಅಳತೆ ಆರಿಸಿ, ಉತ್ತರ ಮೇಲೆ, ಪೂರ್ವ ಎಡಕ್ಕೆ. ಕೆಂಪು ಸೆಲ್ಲೋಫೇನ್ ಸುತ್ತಿದ ಟಾರ್ಚ್ ಇರಲಿ, ಫೋನ್ ಬೆಳಕಿಗೆ ಕಣ್ಣು ಮತ್ತೆ ಕತ್ತಲಿಗೆ ಹೊಂದೋಕೆ 20 ನಿಮಿಷ ಬೇಕು.